ಓಪನ್‌ಬಾಕ್ಸ್‌ನಲ್ಲಿ ಒಂದೊಂದು ವಿಂಡೊಗೂ ಪ್ರತ್ಯೇಕ ನಿಯಮ ಬರೆಯುವ ಬಗೆ

ಕಡಿಮೆ ಮೆಮೊರಿಯ ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಬಳಸುವವರಿಗೆ ಓಪನ್‌ಬಾಕ್ಸ್ ಪರಿಚಿತ ಹೆಸರು. ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪಿನ ಒಳಗೆ ವಿಂಡೊಗಳನ್ನು ನಿರ್ವಹಿಸುತ್ತ ಬಂದಿರುವುದು ಇದೇ. ಇದರ 3.6.1 ಆವೃತ್ತಿ ಬಿಡುಗಡೆಯಾದದ್ದು 2015ರಲ್ಲಿ. ಅಂದು ಬರೆದಿಟ್ಟ ನಿಯಮಗಳು ಇಂದಿಗೂ ಬದಲಾವಣೆಯಿಲ್ಲದೆ ಕೆಲಸ ಮಾಡುತ್ತವೆ ಎಂಬುದೇ ಇದನ್ನು ಶ್ರದ್ಧೆಯಿಂದ ಕಲಿಯಲು ಸಾಕಷ್ಟು ಕಾರಣ. ಬ್ರೌಸರ್ ಯಾವಾಗಲೂ ಎರಡನೆಯ ಡೆಸ್ಕ್‌ಟಾಪಿನಲ್ಲೇ (ಒಂದೇ ಪರದೆಯಲ್ಲಿ ಬದಲಿಸಿಕೊಳ್ಳಬಹುದಾದ ಎರಡನೆಯ ಕೆಲಸದ ಜಾಗದಲ್ಲಿ) ತೆರೆಯಬೇಕು, ವಿಡಿಯೊ ಪ್ಲೇಯರ್ ಉಳಿದೆಲ್ಲ ವಿಂಡೊಗಳ ಮೇಲೆಯೇ ಇರಬೇಕು, ನಾವು ಟೈಪ್ ಮಾಡುತ್ತಿರುವಾಗ ಚಾಟ್ ವಿಂಡೊ ನಡುವೆ ಬಂದು ಅಕ್ಷರಗಳನ್ನು ಕಸಿದುಕೊಳ್ಳಬಾರದು ಎಂಬಂಥ ಬೇಡಿಕೆಗಳನ್ನೆಲ್ಲ ಒಂದೇ ಕಡತದಲ್ಲಿ ಬರೆದಿಡಬಹುದು.

ಆ ಕಡತದ ಹೆಸರು ಆರ್‌ಸಿ ಡಾಟ್ ಎಕ್ಸ್‌ಎಂಎಲ್. ಅದು ನಿಮ್ಮ ಹೋಮ್ ಫೋಲ್ಡರಿನಲ್ಲಿ ಅಡಗಿರುವ ಡಾಟ್ ಕಾನ್ಫಿಗ್ ಫೋಲ್ಡರಿನೊಳಗೆ, ಓಪನ್‌ಬಾಕ್ಸ್ ಎಂಬ ಫೋಲ್ಡರಿನಲ್ಲಿ ಇರುತ್ತದೆ. ಅಲ್ಲಿ ಕಾಣದಿದ್ದರೆ ಇಟಿಸಿ ಫೋಲ್ಡರಿನ ಒಳಗಿನ ಎಕ್ಸ್‌ಡಿಜಿ ಫೋಲ್ಡರಿನಲ್ಲಿರುವ ಮೂಲ ಪ್ರತಿಯನ್ನು ನಕಲು ಮಾಡಿ ತನ್ನಿ. ಎಲ್‌ಎಕ್ಸ್‌ಡಿಇ ಬಳಸುವವರು ಹೆಸರಿನ ಆರಂಭದಲ್ಲಿ ಎಲ್‌ಎಕ್ಸ್‌ಡಿಇ ಎಂದಿರುವ ಕಡತವನ್ನೇ ತಿದ್ದಬೇಕು, ಏಕೆಂದರೆ ಆ ಡೆಸ್ಕ್‌ಟಾಪ್ ಓದುವುದು ಅದನ್ನು ಮಾತ್ರ. ತಿದ್ದುವ ಮೊದಲು ಒಂದು ಪ್ರತಿ ತೆಗೆದಿಡಿ.

ಕಡತದ ಕೊನೆಯ ಭಾಗದಲ್ಲಿ ಅಪ್ಲಿಕೇಶನ್ಸ್ ಎಂಬ ಟ್ಯಾಗ್, ಅಂದರೆ ಕೋನ ಆವರಣದೊಳಗೆ ಬರೆದ ಗುರುತು, ಇದೆ. ಅದರೊಳಗೆ ಉದ್ದನೆಯ ಟಿಪ್ಪಣಿಯ ರೂಪದಲ್ಲಿ ಒಂದು ಮಾದರಿ ನಿಯಮ ಇರುತ್ತದೆ. ಈ ಲೇಖನದಲ್ಲಿ ಕನ್ನಡ ಲಿಪಿಯಲ್ಲಿ ಕಾಣುವ ಟ್ಯಾಗ್ ಹೆಸರುಗಳೆಲ್ಲ ಆ ಮಾದರಿಯಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ಇವೆ. ಅಲ್ಲಿಂದಲೇ ನಕಲಿಸಿಕೊಂಡರೆ ಕಾಗುಣಿತ ತಪ್ಪುವುದಿಲ್ಲ. ಆದರೆ ನಿಮ್ಮ ನಿಯಮವನ್ನು ಟಿಪ್ಪಣಿ ಮುಗಿಯುವ ಗುರುತಿನ (-->) ನಂತರ, ಅಪ್ಲಿಕೇಶನ್ಸ್ ಟ್ಯಾಗ್ ಮುಚ್ಚುವುದಕ್ಕೆ ಮೊದಲು ಬರೆಯಬೇಕು. ಟಿಪ್ಪಣಿಯ ಒಳಗೆ ಬರೆದ ನಿಯಮವನ್ನು ಓಪನ್‌ಬಾಕ್ಸ್ ಓದುವುದೇ ಇಲ್ಲ, ದೋಷವನ್ನೂ ತೋರಿಸುವುದಿಲ್ಲ.

ನಿಯಮ ಫಲಿಸುವುದೂ ಫಲಿಸದಿರುವುದೂ ಹೆಚ್ಚಾಗಿ ವಿಂಡೊವನ್ನು ಎಷ್ಟು ಸರಿಯಾಗಿ ಗುರುತಿಸಿದ್ದೇವೆ ಎಂಬುದರ ಮೇಲೆ ನಿಂತಿದೆ. ಆದ್ದರಿಂದ ಊಹೆಯಿಂದ ಹೆಸರು ಬರೆಯಬೇಡಿ. ಟರ್ಮಿನಲ್ ತೆರೆದು ಓಬಿಎಕ್ಸ್‌ಪ್ರಾಪ್ ಎಂಬ ಆಜ್ಞೆ ಕೊಡಿ. ಮೌಸ್ ಗುರುತು ಬದಲಾದಾಗ ನಿಮಗೆ ಬೇಕಾದ ವಿಂಡೊವಿನ ಮೇಲೆ ಕ್ಲಿಕ್ ಮಾಡಿ. ಟರ್ಮಿನಲ್ಲಿನಲ್ಲಿ ಬರುವ ಸಾಲುಗಳ ಪೈಕಿ ಓಬಿ ಆ್ಯಪ್ ಎಂದು ಆರಂಭವಾಗುವವು ಮಾತ್ರ ನಮಗೆ ಬೇಕಾದವು: ನೇಮ್, ಕ್ಲಾಸ್, ರೋಲ್, ಟೈಟಲ್, ಟೈಪ್ ಮುಂತಾದವುಗಳ ಬೆಲೆಗಳು ಅಲ್ಲಿರುತ್ತವೆ. ನಿಯಮವನ್ನು ಅಪ್ಲಿಕೇಶನ್ ಎಂಬ ಟ್ಯಾಗಿನಿಂದ ಆರಂಭಿಸಿ, ಈ ಗುಣಗಳಲ್ಲಿ ಒಂದನ್ನೋ ಹಲವನ್ನೋ ಉದ್ಧರಣ ಚಿಹ್ನೆಯೊಳಗೆ ಕೊಡಬೇಕು. ಹೆಚ್ಚು ಗುಣ ಕೊಟ್ಟಷ್ಟೂ ನಿಯಮಕ್ಕೆ ಸಿಗುವ ವಿಂಡೊಗಳ ಸಂಖ್ಯೆ ಕಡಿಮೆಯಾಗುತ್ತದೆ.

ಫೈರ್‌ಫಾಕ್ಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮುಖ್ಯ ವಿಂಡೊವಿನ ನೇಮ್ ನ್ಯಾವಿಗೇಟರ್. ಪುಟದಿಂದ ಹೊರಬಂದು ತೇಲುವ ಪುಟ್ಟ ವಿಡಿಯೊ ವಿಂಡೊವಿನ ನೇಮ್ ಟೂಲ್‌ಕಿಟ್. ಎರಡರ ಕ್ಲಾಸ್ ಒಂದೇ ಆಗಿರುವುದರಿಂದ, ಕೇವಲ ಕ್ಲಾಸ್ ನೋಡಿ ಬ್ರೌಸರನ್ನು ಎರಡನೆಯ ಡೆಸ್ಕ್‌ಟಾಪಿಗೆ ಕಳುಹಿಸಿದರೆ ಪುಟ್ಟ ವಿಡಿಯೊ ಕೂಡ ಅಲ್ಲಿಗೇ ಹೋಗುತ್ತದೆ. ಇನ್ನು ಕ್ಲಾಸ್ ಹೆಸರು ಹಳೆಯ ಆವೃತ್ತಿಗಳಲ್ಲಿ ದೊಡ್ಡಕ್ಷರದಿಂದ, ಹೊಸವುಗಳಲ್ಲಿ ಸಣ್ಣಕ್ಷರದಿಂದ ಆರಂಭವಾಗುತ್ತದೆ, ಡೆಬಿಯನ್‌ನಲ್ಲಿ ಕೊನೆಗೆ ಇಎಸ್‌ಆರ್ ಸೇರಿಕೊಂಡಿರುತ್ತದೆ. ಇಂಥ ಕಡೆ ಒಂದು ಅಕ್ಷರದ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನೂ ಎಷ್ಟು ಅಕ್ಷರಗಳಿದ್ದರೂ ಸರಿ ಎನ್ನುವ ಜಾಗದಲ್ಲಿ ನಕ್ಷತ್ರ ಚಿಹ್ನೆಯನ್ನೂ ಬಳಸಬಹುದು.

ಟೈಟಲ್ ನೋಡಿ ಗುರುತಿಸುವುದು ಸುಲಭವೆನಿಸಿದರೂ ನಾನು ಅದನ್ನು ಕೊನೆಯ ಆಯ್ಕೆಯಾಗಿ ಇಟ್ಟುಕೊಳ್ಳುತ್ತೇನೆ. ಓಪನ್‌ಬಾಕ್ಸ್ ಗಮನಿಸುವುದು ವಿಂಡೊ ತೆರೆದ ಕ್ಷಣದಲ್ಲಿರುವ ಟೈಟಲ್ ಮಾತ್ರ. ಕಡತದ ಹೆಸರೋ ಪುಟದ ಹೆಸರೋ ಆಮೇಲೆ ಬಂದು ಸೇರಿದರೆ ನಿಯಮಕ್ಕೆ ಅದು ಗೊತ್ತಾಗುವುದಿಲ್ಲ. ಅಲ್ಲದೆ ಪ್ರೋಗ್ರಾಮಿನ ಭಾಷೆಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ಬದಲಿಸಿದಾಗ ಟೈಟಲ್ ಕೂಡ ಬದಲಾಗಬಹುದು. ನೇಮ್ ಮತ್ತು ಕ್ಲಾಸ್‌ಗಳಿಗೆ ಆ ತೊಂದರೆ ಇಲ್ಲ. ಒಂದೇ ಪ್ರೋಗ್ರಾಮಿನ ಹಲವು ವಿಂಡೊಗಳನ್ನು ಬೇರ್ಪಡಿಸಲು ರೋಲ್ ನೆರವಾಗುತ್ತದೆ. ಚಿತ್ರಗಳನ್ನು ತಿದ್ದುವ ಪ್ರೋಗ್ರಾಮಾದ ಗಿಂಪ್ 2ರಲ್ಲಿ ಉಪಕರಣಗಳ ಪೆಟ್ಟಿಗೆಗೂ ಚಿತ್ರದ ವಿಂಡೊಗೂ ಬೇರೆ ಬೇರೆ ರೋಲ್ ಇದೆ. ಎಕ್ಸ್‌ಟರ್ಮ್ ಟರ್ಮಿನಲ್ಲನ್ನು ತೆರೆಯುವಾಗಲೇ ನೇಮ್ ಆಯ್ಕೆಯೊಂದಿಗೆ ನಿಮಗೆ ಬೇಕಾದ ಹೆಸರು ಕೊಟ್ಟು, ಆ ಒಂದು ಟರ್ಮಿನಲ್ಲಿಗಷ್ಟೇ ನಿಯಮ ಬರೆಯುವುದೂ ಸಾಧ್ಯ.

ಗುರುತು ಖಚಿತವಾದ ಮೇಲೆ ಉಳಿದದ್ದು ಸರಳ. ಡೆಸ್ಕ್‌ಟಾಪ್ ಟ್ಯಾಗಿನಲ್ಲಿ ಸಂಖ್ಯೆ ಬರೆಯಿರಿ. ಎಣಿಕೆ 1ರಿಂದ ಆರಂಭವಾಗುತ್ತದೆ, ಎಲ್ಲ ಕಡೆ ಕಾಣಬೇಕಾದರೆ ಆಲ್ ಎಂದು ಬರೆಯಬೇಕು. ಲೇಯರ್ ಟ್ಯಾಗಿಗೆ ಅಬೌವ್, ನಾರ್ಮಲ್, ಬಿಲೋ ಎಂಬ ಮೂರು ಬೆಲೆಗಳಿವೆ. ಫೋಕಸ್ ಟ್ಯಾಗಿಗೆ ನೋ ಎಂದು ಕೊಟ್ಟರೆ ಹೊಸದಾಗಿ ತೆರೆಯುವ ವಿಂಡೊ ನಿಮ್ಮ ಕೀಬೋರ್ಡನ್ನು ತನ್ನತ್ತ ಸೆಳೆಯುವುದಿಲ್ಲ. ಪೊಸಿಶನ್ ಟ್ಯಾಗಿನಲ್ಲಿ ಎಕ್ಸ್, ವೈ ಎರಡನ್ನೂ ಕೊಡಲೇಬೇಕು, ಒಂದನ್ನೇ ಕೊಟ್ಟರೆ ಅದನ್ನು ಪರಿಗಣಿಸುವುದಿಲ್ಲ. ಋಣ ಸಂಖ್ಯೆ ಕೊಟ್ಟರೆ ಅಳತೆ ಬಲ ಅಂಚಿನಿಂದ ಅಥವಾ ಕೆಳ ಅಂಚಿನಿಂದ ಆರಂಭವಾಗುತ್ತದೆ. ತನ್ನ ಜಾಗವನ್ನು ತಾನೇ ಆರಿಸಿಕೊಳ್ಳುವ ಪ್ರೋಗ್ರಾಮನ್ನು ಹಿಡಿದು ನಿಲ್ಲಿಸಲು ಫೋರ್ಸ್ ಗುಣಕ್ಕೆ ಯೆಸ್ ಎಂದು ಬರೆಯಿರಿ. ಸೈಜ್ ಟ್ಯಾಗಿನಲ್ಲಿ ಪಿಕ್ಸೆಲ್ ಸಂಖ್ಯೆಯ ಬದಲು 30% ಎಂದೂ ಕೊಡಬಹುದು. ಎಂಪಿವಿ ಪ್ಲೇಯರಿಗೆ ಲೇಯರ್ ಅಬೌವ್, ಡೆಸ್ಕ್‌ಟಾಪ್ ಆಲ್, ಎಕ್ಸ್ ಮತ್ತು ವೈ ಎರಡಕ್ಕೂ -20 ಎಂದು ಕೊಟ್ಟರೆ, ನೀವು ಯಾವ ಡೆಸ್ಕ್‌ಟಾಪಿಗೆ ಹೋದರೂ ವಿಡಿಯೊ ಪರದೆಯ ಕೆಳಗಿನ ಬಲ ಮೂಲೆಯಲ್ಲಿ ಕಾಣುತ್ತದೆ.

ಡೆಕೋರ್ ಟ್ಯಾಗಿಗೆ ನೋ ಎಂದರೆ ಶೀರ್ಷಿಕೆ ಪಟ್ಟಿ ಮಾಯವಾಗುತ್ತದೆ. ಚಿಕ್ಕ ಪರದೆಯಲ್ಲಿ ಇದರಿಂದ ಒಂದು ಸಾಲಿನಷ್ಟು ಜಾಗ ಉಳಿಯುತ್ತದೆ. ಆದರೆ ಮುಚ್ಚುವ ಗುಂಡಿಯೂ ಅದರೊಂದಿಗೆ ಹೋಗುವುದರಿಂದ, ಆಲ್ಟ್ ಒತ್ತಿ ಎಡ ಗುಂಡಿಯಿಂದ ಎಳೆದರೆ ವಿಂಡೊ ಸರಿಯುತ್ತದೆ, ಬಲ ಗುಂಡಿಯಿಂದ ಎಳೆದರೆ ಗಾತ್ರ ಬದಲಾಗುತ್ತದೆ, ಆಲ್ಟ್ ಮತ್ತು ಎಫ್4 ಒತ್ತಿದರೆ ಮುಚ್ಚುತ್ತದೆ ಎಂಬುದನ್ನು ಮೊದಲೇ ರೂಢಿಸಿಕೊಳ್ಳಿ.

ಒಂದೇ ವಿಂಡೊಗೆ ಹಲವು ನಿಯಮಗಳು ಹೊಂದಿದರೆ ಅವೆಲ್ಲವೂ ಬರೆದ ಕ್ರಮದಲ್ಲೇ ಅನ್ವಯವಾಗುತ್ತವೆ. ಹೀಗಾಗಿ ಎಲ್ಲ ವಿಂಡೊಗಳಿಗೂ ಸಲ್ಲುವ ನಿಯಮವನ್ನು ಮೊದಲು, ಅಪವಾದಗಳನ್ನು ಅದರ ಕೆಳಗೆ ಬರೆಯುವುದು ಸರಿಯಾದ ಕ್ರಮ. ಎಲ್ಲವೂ ಪೂರ್ಣ ಗಾತ್ರದಲ್ಲಿ ತೆರೆಯಲಿ ಎಂದು ಮ್ಯಾಕ್ಸಿಮೈಸ್ಡ್ ಬಳಸುವಾಗ ಟೈಪ್ ಗುಣಕ್ಕೆ ನಾರ್ಮಲ್ ಎಂದು ಸೇರಿಸಲು ಮರೆಯಬೇಡಿ. ಸೇರಿಸದಿದ್ದರೆ ಕಡತ ಉಳಿಸಲು ಕೇಳುವ ಚಿಕ್ಕ ಸಂವಾದ ಪೆಟ್ಟಿಗೆಯೂ ಪರದೆಯ ತುಂಬ ಹರಡಿಕೊಳ್ಳಬಹುದು.

ಕಡತ ಉಳಿಸಿದ ನಂತರ ಎಕ್ಸ್‌ಎಂಎಲ್‌ಲಿಂಟ್ ಎಂಬ ಆಜ್ಞೆಯಿಂದ ಟ್ಯಾಗ್‌ಗಳೆಲ್ಲ ಸರಿಯಾಗಿ ಮುಚ್ಚಿವೆಯೇ ಎಂದು ಪರೀಕ್ಷಿಸಿ. ಆಮೇಲೆ ಓಪನ್‌ಬಾಕ್ಸ್ ಎಂದು ಬರೆದು, ಜಾಗ ಬಿಟ್ಟು, ಎರಡು ಅಡ್ಡಗೆರೆಗಳೊಂದಿಗೆ ರಿಕಾನ್ಫಿಗರ್ ಎಂಬ ಆಯ್ಕೆ ಸೇರಿಸಿ ಆಜ್ಞೆ ಕೊಟ್ಟರೆ ಲಾಗ್ ಔಟ್ ಆಗದೆಯೇ ಹೊಸ ನಿಯಮಗಳು ಜಾರಿಗೆ ಬರುತ್ತವೆ. ಈಗಾಗಲೇ ತೆರೆದಿರುವ ವಿಂಡೊಗಳಿಗೆ ಅವು ತಾಗುವುದಿಲ್ಲ. ಮುಚ್ಚಿ ಮತ್ತೆ ತೆರೆದೇ ಪರೀಕ್ಷಿಸಬೇಕು.

ಓಪನ್‌ಬಾಕ್ಸ್ ನಡೆಯುವುದು ಲಿನಕ್ಸಿನಲ್ಲಿ ವಿಂಡೊಗಳನ್ನು ಪರದೆಗೆ ತರುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಮೇಲೆ ಮಾತ್ರ. ಅದರ ಬದಲಿಗೆ ಬಂದಿರುವ ವೇಲ್ಯಾಂಡ್‌ಗೆ ಹೋಗುವವರು ಓಪನ್‌ಬಾಕ್ಸ್‌ನಂತೆಯೇ ವಿಂಡೊಗಳನ್ನು ನಿರ್ವಹಿಸುವ ಲ್ಯಾಬ್‌ಡಬ್ಲ್ಯುಸಿಯನ್ನು ನೋಡಬಹುದು. ರಾಸ್ಪ್‌ಬೆರಿ ಪೈ ಓಎಸ್ 2024ರ ಅಕ್ಟೋಬರಿನಲ್ಲಿ ಅದಕ್ಕೇ ಬದಲಾಯಿತು. ಅದರ ಸಂರಚನಾ ಕಡತದ ಹೆಸರೂ ರೂಪವೂ ಇದನ್ನೇ ಹೋಲುತ್ತವೆಯಾದರೂ ನಿಯಮಗಳನ್ನು ಅಲ್ಲಿ ವಿಂಡೊ ರೂಲ್ಸ್ ಎಂಬ ಟ್ಯಾಗಿನೊಳಗೆ ಬರೆಯಬೇಕು, ಮತ್ತು ನೇಮ್, ಕ್ಲಾಸ್‌ಗಳ ಬದಲು ಐಡೆಂಟಿಫೈಯರ್ ಎಂಬ ಗುಣದಲ್ಲಿ ಪ್ರೋಗ್ರಾಮಿನ ಆ್ಯಪ್ ಐಡಿಯನ್ನು ಕೊಡಬೇಕು.