ಬಿಯರ್ ಅಂಗಡಿಯವನ ಯುದ್ಧನಷ್ಟದ ಅರ್ಜಿ: ಓದುವುದು ಹೇಗೆ?

1642ರಲ್ಲಿ ಇಂಗ್ಲೆಂಡಿನ ರಾಜನಿಗೂ ಸಂಸತ್ತಿಗೂ ಯುದ್ಧ ಹತ್ತಿಕೊಂಡಿತು. ಸೈನಿಕರ ದಾರಿಯಲ್ಲಿದ್ದ ಬಿಯರ್ ಅಂಗಡಿಗಳ ಪೀಪಾಯಿ, ಹಾಸಿಗೆ, ಹುಲ್ಲು, ಕುದುರೆಗಳು ಪಡೆಗಳ ಪಾಲಾದವು. ಪರಿಹಾರ ಕೋರಿ ಅಂಗಡಿಯವರು ನ್ಯಾಯಾಧೀಶರಿಗೆ ಕೊಟ್ಟ ಅರ್ಜಿಗಳನ್ನು ಓದುವ ನನ್ನ ವಿದ್ಯಾರ್ಥಿಗಳು ಪ್ರತಿ ವರ್ಷವೂ ‘ಇವನಿಗೆ ಇಷ್ಟು ಪೌಂಡ್ ಸಿಕ್ಕಿತು’ ಎಂದು ಬರೆದುಬಿಡುತ್ತಾರೆ. ಅದು ಅವನು ಕೇಳಿದ ಮೊತ್ತ, ಅಷ್ಟೇ.

1. ‘ಬ್ರಿಟಿಷ್ ಹಿಸ್ಟರಿ ಆನ್‌ಲೈನ್’ ತಾಣದಲ್ಲಿ ಚೆಷೈರ್ ಮುಂತಾದ ಕೌಂಟಿಗಳ ಅರ್ಜಿಗಳ ಅಚ್ಚುಪಾಠವಿದೆ. ಒಂದನ್ನು ಆರಿಸಿಕೊಳ್ಳಿ.

2. ದಿನಾಂಕ ಸರಿಪಡಿಸಿಕೊಳ್ಳಿ. ಆಗ ವರ್ಷ ಬದಲಾಗುತ್ತಿದ್ದುದು ಮಾರ್ಚ್ 25ಕ್ಕೆ. ಪತ್ರದಲ್ಲಿ 1643ರ ಫೆಬ್ರವರಿ ಎಂದಿದ್ದರೆ ನಮಗದು 1644.

3. ಸರಕು ಒಯ್ದವರು ಯಾರು? ಎಲ್ಲರೂ ಎಡವುವುದು ಇಲ್ಲೇ, ನಿಧಾನವಾಗಿ ಓದಿ. ತಂಗಿದ ಪಡೆ ಹಣದ ಬದಲು ಚೀಟಿ ಕೊಟ್ಟು ಹೋಗಿದ್ದರೆ ಅದು ಸಾಲ; ಬಾಗಿಲು ಒಡೆದು ಒಯ್ದಿದ್ದರೆ ಲೂಟಿ. ಎರಡನ್ನೂ ಒಂದೇ ಮೊತ್ತದಲ್ಲಿ ಬೆರೆಸಬೇಡಿ. ಪಡೆ ಯಾವ ಪಕ್ಷದ್ದು ಎಂಬುದನ್ನೂ ಗುರುತಿಸಿ. ಸಂಸತ್ತಿನ ಅಧಿಕಾರದಡಿ ನಡೆದ ಕೃತ್ಯಗಳಿಗೆ 1647ರ ಶಾಸನ ರಕ್ಷಣೆ ಕೊಟ್ಟಿತು. ಅಂಥ ಸೈನಿಕನ ಮೇಲೆ ಮೊಕದ್ದಮೆ ಹೂಡಿ ಗೆಲ್ಲುವುದು ಕಷ್ಟವಾಯಿತು. ವಾರ್ವಿಕ್‌ಷೈರ್‌ನ ಗ್ರಾಮವಾರು ನಷ್ಟದ ಪಟ್ಟಿಗಳನ್ನು ಓದುವವರಿಗೆ ಇನ್ನೊಂದು ಎಚ್ಚರಿಕೆ: ಅವು ಸಂಸತ್ತು ತನ್ನದೇ ಪಡೆಗಳ ಲೆಕ್ಕ ಪರಿಶೋಧಿಸಲು ಬರೆಸಿದವು. ಅಲ್ಲಿ ರಾಜನ ಸೈನಿಕರ ಹೆಸರಿಲ್ಲವೆಂದು ಅವರು ಏನನ್ನೂ ಮುಟ್ಟಲಿಲ್ಲ ಎಂದು ತೀರ್ಮಾನಿಸುವುದು ತಪ್ಪು. ಅರ್ಜಿಯ ದೈನ್ಯದ ಮಾತುಗಳನ್ನೂ ಅಂಗಡಿಯವನ ಬಾಯಿಂದಲೇ ಬಂದವೆಂದು ಉದ್ಧರಿಸಬೇಡಿ. ಸಾಮಾನ್ಯವಾಗಿ ಅವು ಅರ್ಜಿ ಬರೆದುಕೊಡುವವನಿಗೆ ಕಂಠಪಾಠವಾಗಿದ್ದ ಸಾಲುಗಳು.

4. ಹಣ ಕೂಡಿ. ಆಗ 12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್. 2 ಪೌಂಡ್ 15 ಶಿಲ್ಲಿಂಗ್ ಎಂದರೆ 2.75 ಪೌಂಡ್, 2.15 ಅಲ್ಲ. ಹಳೆಯ ಹಣವನ್ನು ಇಂದಿನ ರೂಪಾಯಿಗೆ ತಿರುಗಿಸುವ ಕ್ಯಾಲ್ಕುಲೇಟರ್‌ಗಳನ್ನು ದೂರವಿಡಿ, ಅವು ದಾರಿ ತಪ್ಪಿಸುತ್ತವೆ. ಸಂಸತ್ತಿನ ಕಾಲಾಳಿನ ದಿನಗೂಲಿ 8 ಪೆನ್ಸ್. ಆ ಲೆಕ್ಕದಲ್ಲಿ 2 ಪೌಂಡ್ 15 ಶಿಲ್ಲಿಂಗ್ ನಷ್ಟವೆಂದರೆ ಸುಮಾರು 82 ದಿನಗಳ ಸಂಬಳ. ಹೀಗೆ ಹೇಳಿದರೆ ಓದುಗರಿಗೆ ಪೆಟ್ಟಿನ ಭಾರ ತಿಳಿಯುತ್ತದೆ.

ಮೂಲ ಹಸ್ತಪ್ರತಿಯನ್ನೇ ಓದುವ ಹಂಬಲವಿದ್ದರೆ ಕೈಬರಹ ಗುರುತಿಸುವ ಆ್ಯಪ್‌ಗಳನ್ನು ಕಣ್ಣುಮುಚ್ಚಿ ನಂಬಬೇಡಿ, ಅಂಕಿಗಳಲ್ಲಿ ಮುಗ್ಗರಿಸಬಹುದು. ಬ್ರಿಟನ್ನಿನ ರಾಷ್ಟ್ರೀಯ ದಾಖಲಾಗಾರ ಕೊಡುವ, ಹಳೆಯ ಕೈಬರಹ ಓದಲು ಕಲಿಸುವ ಉಚಿತ ಪಾಠ ಕಲಿಯಿರಿ.

5. ಕೊನೆಯದಾಗಿ ಹಾಳೆಯ ಅಡಿ ಮತ್ತು ಹಿಂಬದಿ ನೋಡಿ. ನ್ಯಾಯಾಧೀಶರ ತೀರ್ಮಾನ ಇದ್ದರೆ ಹೆಚ್ಚಾಗಿ ಅಲ್ಲೇ ಇರುತ್ತದೆ. ಇಲ್ಲದಿದ್ದರೆ ಆ ನ್ಯಾಯಾಲಯದ ಅದೇ ಅಧಿವೇಶನದ ಆದೇಶಗಳನ್ನು ಬರೆದಿಟ್ಟ ಪುಸ್ತಕ ಹುಡುಕಿ. ಅಲ್ಲಿಯೂ ಸಿಗದಿದ್ದರೆ ‘ಫಲಿತಾಂಶ ಗೊತ್ತಿಲ್ಲ’ ಎಂದೇ ಬರೆಯಿರಿ.