ಮರಿ ತರುವ ಮೊದಲು ದೊಡ್ಡದನ್ನು ತಿದ್ದಿ

"ಮನೆಯಲ್ಲಿ ದೊಡ್ಡ ನಾಯಿ ಇದೆಯಲ್ಲ, ಮರಿಗೆ ಅದೇ ಎಲ್ಲ ಕಲಿಸುತ್ತದೆ ಬಿಡಿ." ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕಲಿಸುತ್ತದೆ, ಇಲ್ಲ ಅನ್ನುವುದಿಲ್ಲ. ಏನು ಕಲಿಸುತ್ತದೆ ಅಂತ ಯಾರಾದರೂ ಯೋಚಿಸಿದ್ದೀರಾ? ಬೆಲ್ ಆದ ಕೂಡಲೇ ಬಾಗಿಲಿಗೆ ನುಗ್ಗುವ ನಾಯಿಯ ಪಕ್ಕ ಮರಿಯನ್ನು ಬಿಟ್ಟರೆ, ಸ್ವಲ್ಪ ದಿನಕ್ಕೆ ಎರಡೂ ಸೇರಿ ಬೊಗಳುತ್ತವೆ. ಆಮೇಲೆ ಬೈಗುಳವೆಲ್ಲ ಮರಿಗೆ.

ಕೆಟ್ಟ ಚಾಳಿ ಬೇಗ ಅಂಟುವುದಕ್ಕೆ ಕಾರಣ ಇದೆ. ಗೇಟಿನ ಮುಂದೆ ಹಾದುಹೋಗುವವರು ನಾಯಿ ಬೊಗಳಿದರೂ ಹೋಗುತ್ತಾರೆ, ಬೊಗಳದಿದ್ದರೂ ಹೋಗುತ್ತಾರೆ. ನಾಯಿಗೆ ಮಾತ್ರ ತಾನೇ ಓಡಿಸಿದಂತೆ. ಕಸದ ಬುಟ್ಟಿ ಉರುಳಿಸಿದರೆ ಏನೋ ಒಂದು ಬಾಯಿಗೆ ಸಿಗುತ್ತದೆ. ಮಣ್ಣು ಕೆದಕಿದರೆ ಕೆದಕುವುದೇ ಖುಷಿ. ದೊಡ್ಡದು ಎಲ್ಲಿ ಮೂಗಿಡುತ್ತದೋ ಮರಿಯೂ ಅಲ್ಲೇ ಮೂಗಿಡುತ್ತದೆ, ರುಚಿ ತಾನಾಗಿ ಹತ್ತುತ್ತದೆ. ತೆಪ್ಪಗೆ ಕೂರುವುದರಲ್ಲಿ ಅಂಥ ರುಚಿ ಇಲ್ಲವಲ್ಲ. ಆ ರುಚಿಯನ್ನು ನಾವು ಹತ್ತಿಸಬೇಕು.

ಇನ್ನೊಂದು ತಪ್ಪು, ಕಣ್ಣು ಬಿಟ್ಟು ಓಡಾಡುತ್ತಿದೆ ಅಂತ ಮರಿಯನ್ನು ತಾಯಿಯಿಂದ ಎತ್ತಿಕೊಂಡು ಬರುವುದು. ಕನಿಷ್ಠ 8 ವಾರ ಅಲ್ಲೇ ಇರಲಿ. ಒಡಹುಟ್ಟಿದ ಮರಿಗಳು ಆಡುವುದನ್ನು ನೋಡಿ. ಒಂದು ಜೋರಾಗಿ ಕಚ್ಚಿದರೆ ಇನ್ನೊಂದು ಕುಂಯ್ ಅಂತ ಕೂಗಿ ಆಟ ಬಿಟ್ಟು ಹೋಗುತ್ತದೆ. ಹಲ್ಲು ಎಷ್ಟು ಊರಬಹುದು ಅನ್ನುವ ಲೆಕ್ಕ ಅಲ್ಲಿ ಕಲಿತಷ್ಟು ಚೆನ್ನಾಗಿ ನಮ್ಮ ಕೈಯಲ್ಲಿ ಕಲಿಯುವುದಿಲ್ಲ. ತಾಯಿಯನ್ನು ನೋಡಿ ಕಲಿಯುವುದಂತೂ ಪರೀಕ್ಷೆ ಮಾಡಿ ಕಂಡುಕೊಂಡ ವಿಷಯ. 1997ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತರಬೇತಿ ಪಡೆದ ತಾಯಿ ನಾಯಿ ಮಾದಕ ವಸ್ತು ಹುಡುಕುವುದನ್ನು 6ರಿಂದ 12 ವಾರದ ವಯಸ್ಸಿನಲ್ಲಿ ಬರೀ ನೋಡಿದ ಜರ್ಮನ್ ಶೆಫರ್ಡ್ ಮರಿಗಳು, 6 ತಿಂಗಳಾದಾಗ ಅದೇ ಕೆಲಸವನ್ನು ನೋಡದ ಮರಿಗಳಿಗಿಂತ ಚೆನ್ನಾಗಿ ಮಾಡಿದವು. ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ದೊಡ್ಡದನ್ನು ನೋಡಿ ಮರಿ ಕೂರುವುದನ್ನು ಕಲಿಯಲು ನಾನು ಮಾಡುವ ಕ್ರಮ ಹೇಳುತ್ತೇನೆ. ಇದನ್ನು ಅರ್ಧಂಬರ್ಧ ಮಾಡುವುದಾದರೆ ಮಾಡಲೇಬೇಡಿ.

ದೊಡ್ಡದು ಒಂದೇ ಮಾತಿಗೆ ಕೂರುವಂತಿರಬೇಕು, ಅದು ಮೊದಲು. ಎರಡಕ್ಕೂ ಹಸಿವು ಶುರುವಾಗುವ ಹೊತ್ತು ನೋಡಿಕೊಳ್ಳಿ. ತೀರಾ ಹಸಿದಿದ್ದರೆ ಎಗರಾಡುತ್ತವೆ, ಹೊಟ್ಟೆ ತುಂಬಿದ್ದರೆ ತಿರುಗಿಯೂ ನೋಡುವುದಿಲ್ಲ. ಮರಿಯನ್ನು ಗಿಡ್ಡ ಹಗ್ಗದಲ್ಲಿ ಕಟ್ಟಿ. ಎಲ್ಲಿ ಅನ್ನುವುದೇ ಮುಖ್ಯ. ಎದುರಿಗೆ ಕಟ್ಟಿದರೆ ಎರಡೂ ಒಂದನ್ನೊಂದು ನೋಡುತ್ತಾ ಆಟಕ್ಕೆ ಕರೆಯುತ್ತವೆ. ದೊಡ್ಡದರ ಪಕ್ಕಕ್ಕೆ, ಒಂದು ಹೆಜ್ಜೆ ಹಿಂದೆ ಇರಲಿ. ಅಲ್ಲಿಂದ ದೊಡ್ಡದರ ಬೆನ್ನು, ಅದು ಕುಂಡಿ ಊರುವುದು, ನಿಮ್ಮ ಕೈ, ಮೂರೂ ಮರಿಗೆ ಕಾಣಬೇಕು. ತಿಂಡಿ ಚೂರು ಕಿರುಬೆರಳಿನ ಉಗುರಿನಷ್ಟು ಸಾಕು. "ಕೂರು" ಅನ್ನಿ, ಒಂದೇ ಸಲ. ದೊಡ್ಡದು ಕೂತ ತಕ್ಷಣ ಕೊಡಿ. ಕೊಡುವ ಕೈಯನ್ನು ಮರಿಯ ಮೂಗಿನ ಮುಂದೆ ನಿಧಾನಕ್ಕೆ ಹಾಯಿಸಿಕೊಂಡು ಹೋಗಿ, ವಾಸನೆ ಹಿಡಿಯಲಿ. ಮರಿ ಕೂಗುತ್ತದೆ, ಹಗ್ಗ ಜಗ್ಗುತ್ತದೆ. ನೀವು ಅದರ ಕಡೆ ನೋಡಬೇಡಿ, ಛೀ ಅಂತಲೂ ಅನ್ನಬೇಡಿ. ನೋಡಿದರೆ ಕೂಗಿದ್ದು ಫಲ ಕೊಟ್ಟಂತೆ. ಹೀಗೆ ಮಾಡುತ್ತಾ ಹೋದರೆ ಮರಿ ಜಗ್ಗುವುದು ಬಿಟ್ಟು ಒಂದು ಗಳಿಗೆ ಕುಂಡಿ ಊರುತ್ತದೆ. ಆ ಗಳಿಗೆ ತಪ್ಪಿಸಬೇಡಿ. ಚೂರು ಕೈಯಲ್ಲೇ ಇರಬೇಕು, ಜೇಬಿನಲ್ಲಿ ಹುಡುಕುವಷ್ಟರಲ್ಲಿ ಅದು ಎದ್ದಿರುತ್ತದೆ. ಕೊಟ್ಟು, ಅಲ್ಲಿಗೇ ನಿಲ್ಲಿಸಿ. ಇನ್ನೂ ಒಂದು ಸಲ ನೋಡೋಣ ಅನ್ನುವ ಆಸೆ ಬೇಡ.

ನಮ್ಮ ದೊಡ್ಡ ನಾಯಿ ಕರಿಯ ಹೀಗೆ ಮೂರು ಮರಿಗಳನ್ನು ತಯಾರು ಮಾಡಿಕೊಟ್ಟ. ಪುಣ್ಯಾತ್ಮ, ಮರಿ ಕಿವಿ ಕಚ್ಚಿ ಎಳೆಯುತ್ತಿದ್ದರೂ ಬಟ್ಟಲು ಕೆಳಗಿಡುವವರೆಗೆ ಜಾಗ ಬಿಟ್ಟು ಏಳುತ್ತಿರಲಿಲ್ಲ. ಕೊನೆಯ ಮರಿ ಚಿನ್ನಿಗೆ ಆತ ಕೂರುವ ರೀತಿಯೂ ಬಂದಿತ್ತು, ಎಡಗಾಲು ಒಂಚೂರು ಹೊರಗೆ ಚಾಚಿ. ಕರಿಯ ಹೋದ ಮೇಲೂ ಅವಳು ಅದೇ ಮೂಲೆಯಲ್ಲಿ ಹಾಗೇ ಕೂರುತ್ತಿದ್ದಳು.

ಎರಡೂ ಒಟ್ಟಿಗೆ ಬೊಗಳಿದಾಗ ಎರಡಕ್ಕೂ ಸೇರಿಸಿ ಕಿರುಚಬೇಡಿ. ನೀವೂ ಬೊಗಳುತ್ತಿದ್ದೀರಿ ಅಂತ ಅಂದುಕೊಳ್ಳುತ್ತವೆ. ಶುರು ಮಾಡಿದ್ದು ಯಾವುದು ನೋಡಿ, ಅದನ್ನು ಸದ್ದಿಲ್ಲದೆ ಒಳಗಿನ ಕೋಣೆಗೆ ಕರೆದುಕೊಂಡು ಹೋಗಿ. ಇನ್ನೊಂದು ಸಾಮಾನ್ಯವಾಗಿ ತಾನೇ ತಣ್ಣಗಾಗುತ್ತದೆ.

   

ಮರಿಯನ್ನು ದಿನಾ ಸ್ವಲ್ಪ ಹೊತ್ತು ಒಂದನ್ನೇ ಸುತ್ತಾಡಿಸಿ. ಊಟವೂ ಬೇರೆ ಬೇರೆ ಬಟ್ಟಲಲ್ಲಿ, ದೂರ ದೂರ. ಯಾವಾಗಲೂ ದೊಡ್ಡದರ ಬಾಲ ಹಿಡಿದೇ ಬೆಳೆದರೆ, ಅದಿಲ್ಲದ ದಿನ ಮರಿಗೆ ನಿಮ್ಮ ಮಾತು ಕಿವಿಗೇ ಬೀಳುವುದಿಲ್ಲ.

ದೊಡ್ಡದು ಮರಿಯ ಕಡೆ ಗುರ್ ಅಂದರೆ ಅದಕ್ಕೆ ಬೈಯಬೇಡಿ. "ಸಾಕು, ದೂರ ಹೋಗು" ಅಂತ ಅದು ಹೇಳುವುದೇ ಹಾಗೆ, ಮರಿ ಅದನ್ನೂ ಕಲಿಯಬೇಕು ಅಲ್ವಾ? ಬೈದು ಬೈದು ಗುರ್ ಅನ್ನುವುದನ್ನು ಬಿಡಿಸಿದರೆ, ಮುಂದೆ ಸೂಚನೆ ಕೊಡದೆ ನೇರ ಬಾಯಿ ಹಾಕಬಹುದು. ಆದರೂ ಮರಿ ಬಿಡದೆ ಮೇಲೆ ಬೀಳುತ್ತಿದ್ದರೆ ನೀವೇ ಎದ್ದು ಮರಿಯನ್ನು ಎತ್ತಿಕೊಳ್ಳಿ. ಮರಿಗೆ ಹತ್ತಲಾಗದ ಎತ್ತರದಲ್ಲಿ ದೊಡ್ಡದಕ್ಕೊಂದು ಮಲಗುವ ಜಾಗ ಮಾಡಿಕೊಡಿ.