ಡಿಎಸ್‌ಎಲ್‌ಆರ್ ಕೊಳ್ಳಲೋ, ಸೂಪರ್‌ಜೂಮ್ ಸಾಕೋ?

ಫೋನ್ ಬಿಟ್ಟು ಮೊದಲ ಬಾರಿ ಕ್ಯಾಮೆರಾ ಕೊಳ್ಳಲು ಹೊರಟವರು ಕೊನೆಗೆ ಎರಡು ಡಬ್ಬಗಳ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಾರೆ. ಒಂದರಲ್ಲಿ ಆರಂಭಿಕ ಮಟ್ಟದ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ), ಜೊತೆಗೊಂದು 18-55 ಎಂಎಂ ಲೆನ್ಸ್. ಇನ್ನೊಂದರಲ್ಲಿ ಲೆನ್ಸ್ ಕಳಚಲು ಬಾರದ ಸೂಪರ್‌ಜೂಮ್. ಅದರ ಡಬ್ಬದ ಮೇಲೆ 65ಎಕ್ಸ್, 83ಎಕ್ಸ್ ಅಂತ ದಪ್ಪ ಅಕ್ಷರದ ಬರಹ. "ಡಿಎಸ್‌ಎಲ್‌ಆರ್ ತಗೊಳ್ಳಿ, ಕ್ವಾಲಿಟಿ ಬರುತ್ತೆ" ಎಂದು ಒಬ್ಬರು ಹೇಳುತ್ತಾರೆ. "ಇದರಲ್ಲಿ ಚಂದ್ರನ ಕುಳಿಗಳೂ ಕಾಣುತ್ತವೆ" ಎಂದು ಇನ್ನೊಬ್ಬರು. ಇಬ್ಬರ ಮಾತೂ ಅರ್ಧ ನಿಜ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಎರಡನೇ ಲೆನ್ಸ್ ಕೊಳ್ಳುವ ಮನಸ್ಸಿಲ್ಲದವರು ಡಿಎಸ್‌ಎಲ್‌ಆರ್ ಕೊಳ್ಳುವುದು ಬೇಡ. ಯಾಕೆ ಎಂಬುದನ್ನು ಒಂದೊಂದೇ ಹಂತವಾಗಿ ನೋಡೋಣ.

ಹಂತ 1: ಕೆಟ್ಟ ಫೋಟೊಗಳನ್ನು ಹುಡುಕಿ

ಕ್ಯಾಮೆರಾಗಳ ಪಟ್ಟಿ ನೋಡುವ ಮೊದಲು ನಿಮ್ಮ ಫೋನಿನ ಗ್ಯಾಲರಿ ತೆರೆಯಿರಿ. ಚೆನ್ನಾಗಿ ಬಂದ ಫೋಟೊ ಬೇಡ, ಕೈಕೊಟ್ಟ ಫೋಟೊ ನೋಡಿ. ಅವುಗಳನ್ನು ಎರಡು ಗುಂಪು ಮಾಡಿ. ಮರದ ತುದಿಯಲ್ಲಿ ಕೂತ ಹಕ್ಕಿ ಬರೀ ಚುಕ್ಕೆಯಾಗಿದೆ, ಮೈದಾನದ ಆ ಕಡೆ ಓಡುತ್ತಿರುವ ಮಗಳು ಯಾರೆಂದೇ ಗೊತ್ತಾಗುವುದಿಲ್ಲ: ಇವು ದೂರ ಸಾಲದ ಫೋಟೊಗಳು. ಸಂಜೆ ಮನೆಯೊಳಗೆ ತೆಗೆದದ್ದು ಕಲಸಿಹೋಗಿದೆ, ವೇದಿಕೆಯ ಮೇಲಿನ ಮುಖ ಕಾಳುಕಾಳಾಗಿದೆ: ಇವು ಬೆಳಕು ಸಾಲದವು. ಯಾವ ಗುಂಪು ದೊಡ್ಡದೋ ಅದೇ ನಿಮ್ಮ ಉತ್ತರದ ಮುಕ್ಕಾಲು ಭಾಗ. ದೂರದ ರೋಗಕ್ಕೆ ಸೂಪರ್‌ಜೂಮ್, ಬೆಳಕಿನ ರೋಗಕ್ಕೆ ಡಿಎಸ್‌ಎಲ್‌ಆರ್.

ಮೂರನೇ ಗುಂಪೂ ಒಂದಿರುತ್ತದೆ. ಕಣ್ಣು ಮುಚ್ಚಿದವರು, ತಲೆ ಕತ್ತರಿಸಿದ ಗ್ರೂಪ್ ಫೋಟೊ. ಇದಕ್ಕೆ ಯಾವ ಕ್ಯಾಮೆರಾದಲ್ಲೂ ಮದ್ದಿಲ್ಲ.

ಹಂತ 2: 'ಎಕ್ಸ್' ಅಂದರೆ ಎಷ್ಟು ಅಂತ ಲೆಕ್ಕ ಹಾಕಿ

ಡಬ್ಬದ ಮೇಲಿನ ಎಕ್ಸ್ ದೂರದ ಅಳತೆ ಅಲ್ಲ, ಅದೊಂದು ಭಾಗಾಕಾರ. ಲೆನ್ಸಿನ ಅಳತೆ (ಫೋಕಲ್ ಲೆಂಗ್ತ್) ಎಂಎಂನಲ್ಲಿರುತ್ತದೆ, ಅದು ಹೆಚ್ಚಿದಷ್ಟೂ ದೂರದ್ದು ದೊಡ್ಡದಾಗಿ ಕಾಣುತ್ತದೆ. ಅದರ ಅತಿ ಉದ್ದದ ತುದಿಯನ್ನು ಅತಿ ಅಗಲದ ತುದಿಯಿಂದ ಭಾಗಿಸಿದರೆ ಬರುವ ಸಂಖ್ಯೆ ಅಷ್ಟೆ. ನಿಕಾನ್ ಕೂಲ್‌ಪಿಕ್ಸ್ ಪಿ900 ಕ್ಯಾಮೆರಾದ ಲೆನ್ಸ್ 24ರಿಂದ 2000 ಎಂಎಂ, ಆದ್ದರಿಂದ 83ಎಕ್ಸ್. ಕ್ಯಾನನ್ ಪವರ್‌ಶಾಟ್ ಎಸ್‌ಎಕ್ಸ್70 ಎಚ್‌ಎಸ್ 21ರಿಂದ 1365 ಎಂಎಂ, ಅಂದರೆ 65ಎಕ್ಸ್. ಡಿಎಸ್‌ಎಲ್‌ಆರ್ ಜೊತೆ ಬರುವ 18-55 ಬರೀ 3ಎಕ್ಸ್. ಹಾಗಾಗಿ ಎಕ್ಸ್ ಬಿಡಿ, ಎಂಎಂ ನೋಡಿ. ಅದರಲ್ಲೂ '35 ಎಂಎಂಗೆ ಸಮಾನ' ಎಂದು ಬರೆದ ಸಂಖ್ಯೆಯನ್ನೇ ಹೋಲಿಸಿ. ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಒಂದೊಂದರಲ್ಲಿ ಒಂದೊಂದು ಗಾತ್ರ ಇರುವುದರಿಂದ, ಎಲ್ಲವನ್ನೂ ಹಳೆಯ 35 ಎಂಎಂ ಫಿಲ್ಮಿನ ಅಳತೆಗೆ ತಂದ ಸಂಖ್ಯೆ ಅದು. 18-55 ಲೆನ್ಸನ್ನು ಆ ಲೆಕ್ಕಕ್ಕೆ ತರಲು ನಿಕಾನ್‌ನಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಬೇಕು. ಕ್ಯಾನನ್ ಆದರೆ ಸುಮಾರು 29-88 ಎಂಎಂ ಆಗುತ್ತದೆ.

ಚಂದ್ರನನ್ನೇ ತೆಗೆದುಕೊಳ್ಳಿ. ಲೆನ್ಸಿನ ಅಸಲಿ ಎಂಎಂ ಎಷ್ಟಿದೆಯೋ ('35 ಎಂಎಂಗೆ ಸಮಾನ' ಸಂಖ್ಯೆಯಲ್ಲ) ಅದನ್ನು 110ರಿಂದ ಭಾಗಿಸಿದರೆ ಸೆನ್ಸರ್ ಮೇಲೆ ಬೀಳುವ ಚಂದ್ರನ ಗಾತ್ರ ಸುಮಾರಾಗಿ ಸಿಗುತ್ತದೆ. 55 ಎಂಎಂನಲ್ಲಿ ಅರ್ಧ ಮಿಲಿಮೀಟರ್. ಡಿಎಸ್‌ಎಲ್‌ಆರ್ ಸೆನ್ಸರಿನ ಎತ್ತರ 15 ಮಿಲಿಮೀಟರ್ ಆಸುಪಾಸು. ಅಂದರೆ ಫೋಟೊದ ಎತ್ತರದಲ್ಲಿ 30ರಲ್ಲಿ ಒಂದು ಪಾಲು ಚಂದ್ರ, ಉಳಿದದ್ದು ಕಪ್ಪು ಆಕಾಶ. 55-250 ಲೆನ್ಸ್ ಹಾಕಿದರೆ ಏಳರಲ್ಲಿ ಒಂದು ಪಾಲು. ಪುಟ್ಟ ಸೆನ್ಸರಿನ ಪಿ900 ಪೂರ್ತಿ ಜೂಮ್ ಎಳೆದರೆ (ಅಸಲಿ 357 ಎಂಎಂ) ಎತ್ತರದ ಮುಕ್ಕಾಲು ಭಾಗ ಚಂದ್ರನೇ ತುಂಬಿಕೊಳ್ಳುತ್ತಾನೆ. ಇಷ್ಟು ದೂರಕ್ಕೆ ಡಿಎಸ್‌ಎಲ್‌ಆರ್ ಲೆನ್ಸ್ ಕೊಳ್ಳಲು ಹೋದರೆ ಬಾಡಿಯ (ಲೆನ್ಸ್ ಬಿಟ್ಟು ಬರೀ ಕ್ಯಾಮೆರಾದ) ಬೆಲೆ ಚಿಲ್ಲರೆ ಅನ್ನಿಸುತ್ತದೆ.

ಹಾಗಾದರೆ ಸೂಪರ್‌ಜೂಮ್ ರಾತ್ರಿ ಫೋಟೊಗೂ ಒಳ್ಳೆಯದೇ? ಅಲ್ಲ. ಚಂದ್ರನ ಮೇಲೆ ಬಿದ್ದಿರುವುದು ಸೂರ್ಯನ ಬಿಸಿಲು. ಆಕಾಶ ಕಪ್ಪಗಿದ್ದರೂ ಹುಣ್ಣಿಮೆ ಚಂದ್ರ ಹಗಲಿನ ವಸ್ತು ಎಂದೇ ಕ್ಯಾಮೆರಾಗೆ ಲೆಕ್ಕ. ಜಾಹೀರಾತುಗಳಲ್ಲಿ ಚಂದ್ರನನ್ನೇ ತೋರಿಸುವುದು ಸುಮ್ನೆ ಅಲ್ಲ.

ಇನ್ನೊಂದು ಎಚ್ಚರಿಕೆ. ಡಬ್ಬದ ಮೇಲೆ 166ಎಕ್ಸ್ ಎಂಬಂಥ ಸಂಖ್ಯೆ ಕಂಡರೆ ಅದರಲ್ಲಿ ಡಿಜಿಟಲ್ ಜೂಮ್ ಸೇರಿದೆ. ಅದು ಇದ್ದ ಚಿತ್ರವನ್ನೇ ಕತ್ತರಿಸಿ ಹಿಗ್ಗಿಸುವ ಕೆಲಸ. ಆಪ್ಟಿಕಲ್ ಜೂಮ್ ಎಷ್ಟು ಅಂತ ಮಾತ್ರ ಕೇಳಿ. ಅದೂ ಪೂರ್ತಿ ಎಳೆದಾಗ ಗಾಳಿ ಅಡ್ಡ ಬರುತ್ತದೆ. ಬಿಸಿಲು ಏರಿದ ಮೇಲೆ ನೆಲದಿಂದೇಳುವ ಬಿಸಿಗಾಳಿಯಲ್ಲಿ ದೂರದ ವಸ್ತು ಅಲುಗುತ್ತಾ ಕಾಣುತ್ತದೆ. ಅರ್ಧ ಕಿಲೋಮೀಟರ್ ಆಚೆಯ ಪ್ರಾಣಿಯ ಫೋಟೊ ಮಧ್ಯಾಹ್ನ ಮೆತ್ತಗೆ ಬಂದರೆ ಕ್ಯಾಮೆರಾವನ್ನು ಬೈಯಬೇಡಿ, ಬೆಳಗ್ಗೆ ಬೇಗ ಹೋಗಿ.

ಹಂತ 3: ಸೆನ್ಸರ್ ಗಾತ್ರ ನೋಡಿ

ಇಲ್ಲಿ ಸ್ವಲ್ಪ ನಿಧಾನಿಸೋಣ. ಬಹುಪಾಲು ಸೂಪರ್‌ಜೂಮ್‌ಗಳಲ್ಲಿರುವುದು 1/2.3 ಇಂಚಿನ ಸೆನ್ಸರ್. ಅದರ ನಿಜವಾದ ಅಳತೆ ಸುಮಾರು 6.2 x 4.6 ಮಿಲಿಮೀಟರ್, ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು. ಆರಂಭಿಕ ನಿಕಾನ್ ಡಿಎಸ್‌ಎಲ್‌ಆರ್ ಒಳಗಿನ ಸೆನ್ಸರ್ 23.5 x 15.6 ಮಿಲಿಮೀಟರ್. ವಿಸ್ತೀರ್ಣದಲ್ಲಿ ಸುಮಾರು 13 ಪಟ್ಟು. ಕ್ಯಾನನ್‌ನದು ಸ್ವಲ್ಪ ಚಿಕ್ಕದು, 12 ಪಟ್ಟಿನ ಹತ್ತಿರ. 2000 ಎಂಎಂ ಲೆನ್ಸ್ ಕೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಲು ಈ ಪುಟ್ಟ ಸೆನ್ಸರೇ ಕಾರಣ. ಪಿ900 ಲೆನ್ಸಿನ ಅಸಲಿ ಉದ್ದ 4.3ರಿಂದ 357 ಎಂಎಂ ಅಷ್ಟೇ. ಜೂಮ್ ಸಿಗುವುದು ಸೆನ್ಸರ್ ಕುಗ್ಗಿಸಿದ್ದರಿಂದ, ಮಂದ ಬೆಳಕಲ್ಲಿ ಒದ್ದಾಡುವುದೂ ಅದರಿಂದಲೇ.

ಸೆನ್ಸರ್ ದೊಡ್ಡದಿದ್ದರೆ ಅದೇ ಸಮಯದಲ್ಲಿ ಜಾಸ್ತಿ ಬೆಳಕು ಸಿಗುತ್ತದೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 1600, 3200ಕ್ಕೆ ಏರಿಸಿದರೂ ಮುಖದ ಚರ್ಮ ಚರ್ಮದ ಹಾಗೇ ಇರುತ್ತದೆ. ಪುಟ್ಟ ಸೆನ್ಸರಿನಲ್ಲಿ ಅದೇ ಐಎಸ್‌ಒಗೆ ಕಾಳು ಏಳುತ್ತದೆ. ಕ್ಯಾಮೆರಾ ಆ ಕಾಳನ್ನು ಒರೆಸಲು ಹೋಗಿ ಕೂದಲು, ಗರಿ, ಹುಲ್ಲು ಎಲ್ಲವನ್ನೂ ಮೇಣದಂತೆ ಸವರಿಬಿಡುತ್ತದೆ. ಫೋನ್ ಪರದೆಯಲ್ಲಿ ಇದು ಗೊತ್ತಾಗುವುದಿಲ್ಲ. ದೊಡ್ಡದಾಗಿ ಪ್ರಿಂಟ್ ಹಾಕಿಸುವವರು, ಕತ್ತರಿಸಿ ಬಳಸುವವರು ಮಾತ್ರ ಬೇಸರ ಪಡಬೇಕಾಗುತ್ತದೆ. ಬರೀ ಗ್ರೂಪಿಗೆ ಕಳಿಸುವ ಫೋಟೊ ಆದರೆ ಈ ಹಂತಕ್ಕೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ.

ನಡುವಿನ ದಾರಿಯೂ ಇದೆ. '1 ಇಂಚು' ಎಂದು ಕರೆಯುವ 13.2 x 8.8 ಮಿಲಿಮೀಟರ್ ಸೆನ್ಸರಿನ ಸೂಪರ್‌ಜೂಮ್‌ಗಳು. 2014ರ ಪ್ಯಾನಾಸೋನಿಕ್ ಎಫ್‌ಝಡ್1000 (25-400 ಎಂಎಂ), 2017ರ ಸೋನಿ ಆರ್‌ಎಕ್ಸ್10 ಮಾರ್ಕ್ 4 (24-600 ಎಂಎಂ) ಈ ಜಾತಿಯವು. ಪುಟ್ಟ ಸೆನ್ಸರಿಗಿಂತ ನಾಲ್ಕು ಪಟ್ಟು ದೊಡ್ಡದು. ಸೋನಿಯದು ಬೆಲೆಯಲ್ಲಿ ಆರಂಭಿಕ ಡಿಎಸ್‌ಎಲ್‌ಆರ್‌ಗಿಂತ ಬಹಳ ಮೇಲೆ. ಆದರೆ ಹಕ್ಕಿಯೂ ಬೇಕು, ಲೆನ್ಸ್ ಬದಲಿಸುವ ರಗಳೆಯೂ ಬೇಡ ಎನ್ನುವವರಿಗೆ ಇದಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ.

ಹಂತ 4: ಎರಡನೇ ಲೆನ್ಸಿನ ಲೆಕ್ಕ

ಮನೆಯೊಳಗೆ, ಸಂಜೆ, ಒಂದೇ ದೀಪ. ಮಗು ಆಡುತ್ತಿದೆ. ಡಿಎಸ್‌ಎಲ್‌ಆರ್‌ಗೆ 18-55 ಹಾಕಿ 55ಕ್ಕೆ ತಿರುಗಿಸಿದರೆ ಅಪರ್ಚರ್ (ಬೆಳಕು ಒಳಬರುವ ಕಿಂಡಿ; ಎಫ್ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು) ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಶಟರ್ (ಸೆನ್ಸರ್ ಮೇಲೆ ಬೆಳಕು ಬೀಳುವ ಸಮಯ) 1/20 ಸೆಕೆಂಡಿಗೆ ಇಳಿದಿದೆ ಅಂದುಕೊಳ್ಳಿ. ಕೈ ನಡುಕವನ್ನು ಲೆನ್ಸಿನ ಸ್ಟೆಬಿಲೈಸರ್ ಹಿಡಿಯುತ್ತದೆ, ಮಗುವನ್ನು ಯಾರು ಹಿಡಿಯುತ್ತಾರೆ? ಫೋಟೊ ಕಲಸಿಹೋಗುತ್ತದೆ. ಈಗ ಅದನ್ನು ತೆಗೆದು 50 ಎಂಎಂ ಎಫ್/1.8 ಪ್ರೈಮ್ (ಜೂಮ್ ಇಲ್ಲದ ಲೆನ್ಸ್) ಹಾಕಿ. ಒಳಗೆ ಬರುವ ಬೆಳಕು ಹತ್ತಿರ ಹತ್ತಿರ ಹತ್ತು ಪಟ್ಟಾಗುತ್ತದೆ. ಶಟರ್ 1/200ರ ಸುತ್ತ ಬರುತ್ತದೆ. ಮಗು ನಿಂತುಬಿಡುತ್ತದೆ, ಹಿಂದಿನ ಕಪಾಟು, ಕರ್ಟನ್ ಎಲ್ಲ ಬ್ಲರ್ ಆಗಿ ಮುಖವೊಂದೇ ಎದ್ದು ಕಾಣುತ್ತದೆ.

ಜನ ಡಿಎಸ್‌ಎಲ್‌ಆರ್ ಎಂದಾಗ ಮನಸ್ಸಿನಲ್ಲಿ ಇಟ್ಟುಕೊಳ್ಳುವುದು ಈ ಫೋಟೊವನ್ನೇ. ಅದು ಡಬ್ಬದಲ್ಲಿ ಬರುವ ಲೆನ್ಸಿನಿಂದ ಬರುವುದಿಲ್ಲ. ಕಿಟ್ ಲೆನ್ಸ್ ಒಂದನ್ನೇ ಇಟ್ಟುಕೊಂಡರೆ ದೊಡ್ಡ ಸೆನ್ಸರಿನ ಲಾಭದಲ್ಲಿ ಬಹುಪಾಲನ್ನು ಅದೇ ನುಂಗುತ್ತದೆ. ಪ್ಯಾನಾಸೋನಿಕ್ ಎಫ್‌ಝಡ್300 ಎಂಬ ಸೂಪರ್‌ಜೂಮ್ 25ರಿಂದ 600 ಎಂಎಂವರೆಗೂ ಎಫ್/2.8 ಬಿಡುವುದೇ ಇಲ್ಲ. ಎಫ್/5.6ಕ್ಕಿಂತ ಅದು ನಾಲ್ಕು ಪಟ್ಟು ಬೆಳಕು. ಸೆನ್ಸರಿನಲ್ಲಿ 13 ಪಟ್ಟು ಮುಂದಿದ್ದ ಡಿಎಸ್‌ಎಲ್‌ಆರ್ ಅಲ್ಲಿಗೆ ಬರೀ ಮೂರು ಪಟ್ಟಿನ ಅಂತರಕ್ಕೆ ಬಂತು. ದೂರವೂ ಇಲ್ಲ, ಬೆಳಕಿನಲ್ಲೂ ಅಂಥ ಗೆಲುವಿಲ್ಲ. ಎಷ್ಟೋ ಡಿಎಸ್‌ಎಲ್‌ಆರ್‌ಗಳು ಬೀರುವಿನಲ್ಲಿ ಮಲಗಿರುವುದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ.

ಆದ್ದರಿಂದ ಬಜೆಟ್ ಬರೆಯುವಾಗಲೇ ಬಾಡಿ, ಕಿಟ್ ಲೆನ್ಸ್, ಮತ್ತೊಂದು ಲೆನ್ಸ್ ಎಂದು ಮೂರು ಸಾಲು ಬರೆಯಿರಿ. ಮೂರನೇ ಸಾಲಿಗೆ ಹಣ ಉಳಿಯದಿದ್ದರೆ ಸೂಪರ್‌ಜೂಮ್ ಕಡೆ ತಿರುಗಿ. ನಿಕಾನ್ ಆದರೆ ಇನ್ನೊಂದು ವಿಷಯ ನೆನಪಿರಲಿ: ಡಿ3000 ಮತ್ತು ಡಿ5000 ಸಾಲಿನ ಬಾಡಿಗಳ ಒಳಗೆ ಫೋಕಸ್ ಮೋಟರ್ ಇಲ್ಲ. ಅಗ್ಗಕ್ಕೆ ಸಿಗುತ್ತದೆ ಎಂದು ಹಳೆಯ ಎಎಫ್-ಡಿ ಲೆನ್ಸ್ ತಂದರೆ ಕೈಯಲ್ಲೇ ಫೋಕಸ್ ತಿರುಗಿಸುತ್ತಾ ಕೂರಬೇಕು. ಲೆನ್ಸಿನೊಳಗೇ ಮೋಟರ್ ಇರುವ, ಎಎಫ್-ಎಸ್ ಅಂತ ಬರೆದದ್ದನ್ನೇ ಕೇಳಿ. ಎಎಫ್-ಪಿ ಆದರೆ ನಿಮ್ಮ ಬಾಡಿಗೆ ಹೊಂದುತ್ತದೋ ನೋಡಿಕೊಳ್ಳಿ.

ಹೂವು, ಹುಳ, ನಾಣ್ಯ ಇಷ್ಟಪಡುವವರಿಗೆ ಸೂಪರ್‌ಜೂಮ್ ಪುಕ್ಕಟೆ ಕೊಡುವ ಉಡುಗೊರೆ ಒಂದಿದೆ. ಪಿ900 ಮ್ಯಾಕ್ರೋದಲ್ಲಿ 1 ಸೆಂಟಿಮೀಟರ್ ಹತ್ತಿರದಿಂದಲೂ ಫೋಕಸ್ ಮಾಡುತ್ತದೆ. ಡಿಎಸ್‌ಎಲ್‌ಆರ್‌ನಲ್ಲಿ ಅದಕ್ಕೂ ಬೇರೆ ಲೆನ್ಸ್.

ಹಂತ 5: ಕೈಯಲ್ಲಿ ಹಿಡಿದು ನೋಡಿ

ಸೂಪರ್‌ಜೂಮ್ ಹಗುರ, ಡಿಎಸ್‌ಎಲ್‌ಆರ್ ಭಾರ ಎಂಬುದು ಎಲ್ಲ ಕಡೆ ನಿಜವಲ್ಲ. ನಿಕಾನ್ ಡಿ3500 ಬಾಡಿ ಬರೀ 365 ಗ್ರಾಂ, ಬ್ಯಾಟರಿ, ಕಾರ್ಡ್, ಕಿಟ್ ಲೆನ್ಸ್ ಸೇರಿದರೂ 620 ಗ್ರಾಂ ಆಸುಪಾಸು. ಪಿ900 ಸುಮಾರು 900 ಗ್ರಾಂ. 125ಎಕ್ಸ್ ಜೂಮಿನ ಪಿ1000 ಅಂತೂ 1,415 ಗ್ರಾಂ. ಜೇಬಿನಲ್ಲಿ ಇಡಬೇಕು ಎನ್ನುವವರು ಕ್ಯಾನನ್ ಎಸ್‌ಎಕ್ಸ್740 ಎಚ್‌ಎಸ್ ತರಹದ್ದನ್ನು ನೋಡಬೇಕು. 40ಎಕ್ಸ್, 300 ಗ್ರಾಂ. ಆದರೆ ಅದರಲ್ಲಿ ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇಲ್ಲ, ಬಿಸಿಲಿನಲ್ಲಿ ಪರದೆ ನೋಡಿಕೊಂಡೇ ಹಕ್ಕಿ ಹುಡುಕಬೇಕು.

ಬ್ಯಾಟರಿಯಲ್ಲಿ ಡಿಎಸ್‌ಎಲ್‌ಆರ್ ಎದುರಿಲ್ಲ. ಕಂಪನಿ ಕೊಡುವ ಲೆಕ್ಕದಲ್ಲಿ ಡಿ3500ಗೆ 1,550 ಫೋಟೊ, ಪಿ1000ಗೆ 250. ಸೂಪರ್‌ಜೂಮ್ ಕೊಂಡರೆ ಎರಡನೇ ಬ್ಯಾಟರಿ ಬೇಕೇ ಬೇಕು.

ಓಡುವ, ಹಾರುವ ವಸ್ತುಗಳ ಹಿಂದೆ ಬೀಳುವವರು ಫೋಕಸ್ ವೇಗವನ್ನು ಖುದ್ದಾಗಿ ನೋಡಬೇಕು. ಡಿಎಸ್‌ಎಲ್‌ಆರ್ ವ್ಯೂಫೈಂಡರ್‌ನಲ್ಲಿ ನೋಡುತ್ತಾ ಅರ್ಧ ಒತ್ತಿದರೆ ಟಕ್ ಎಂದು ಹಿಡಿಯುತ್ತದೆ. ಪುಟ್ಟ ಸೆನ್ಸರಿನ ಸೂಪರ್‌ಜೂಮ್ ಪೂರ್ತಿ ಎಳೆದಾಗ ಒಮ್ಮೆ ಹಿಂದೆ ಹೋಗಿ, ಮುಂದೆ ಬಂದು ಆಮೇಲೆ ಹಿಡಿಯುತ್ತದೆ. ಅಷ್ಟರಲ್ಲಿ ಹಕ್ಕಿ ಇನ್ನೊಂದು ಮರದಲ್ಲಿರುತ್ತದೆ. ಕೂತ ಹಕ್ಕಿಗೆ ಸೂಪರ್‌ಜೂಮ್, ಹಾರುವ ಹಕ್ಕಿಗೆ ಡಿಎಸ್‌ಎಲ್‌ಆರ್ ಮತ್ತು ದೂರದ್ದನ್ನು ಹಿಡಿಯುವ ಟೆಲಿ ಲೆನ್ಸ್. ಜೂಮ್ ಎಳೆದ ಮೇಲೆ ಹಕ್ಕಿ ಚೌಕಟ್ಟಿನಿಂದ ತಪ್ಪಿಸಿಕೊಂಡರೆ ಮತ್ತೆ ಹುಡುಕುವುದು ಕಷ್ಟ. ಒಂದು ಗುಂಡಿ ಒತ್ತಿದರೆ ತಾತ್ಕಾಲಿಕವಾಗಿ ಜೂಮ್ ಹಿಂದಕ್ಕೆ ಸರಿದು, ಬಿಟ್ಟರೆ ಮತ್ತೆ ಅಲ್ಲಿಗೇ ಹೋಗುವ ಸೌಲಭ್ಯ ಹಲವು ಸೂಪರ್‌ಜೂಮ್‌ಗಳಲ್ಲಿದೆ. ಅದು ಇದೆಯೇ ಅಂತ ಕೇಳಿ.

ಹಂತ 6: ಡಿಎಸ್‌ಎಲ್‌ಆರ್ ಕಾಲ ಮುಗಿಯುತ್ತಿರುವುದನ್ನೂ ಲೆಕ್ಕಕ್ಕೆ ಹಿಡಿಯಿರಿ

2020ರ ನಂತರ ಕ್ಯಾನನ್ ಆಗಲಿ, ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ತಂದಿಲ್ಲ. ಡಿ3500, ಡಿ5600 ತಯಾರಿಕೆ ನಿಂತಿದೆ. ಎರಡೂ ಕಂಪನಿಗಳ ಗಮನವೆಲ್ಲ ಈಗ ಮಿರರ್‌ಲೆಸ್ (ಲೆನ್ಸ್ ಬದಲಿಸಬಹುದಾದ, ಆದರೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾ) ಮೇಲೆ. ಹಾಗಂತ ಹೆದರಬೇಕಿಲ್ಲ. ಕ್ಯಾನನ್ ಇಎಫ್ ಲೆನ್ಸ್, ನಿಕಾನ್ ಎಎಫ್-ಎಸ್ ಲೆನ್ಸ್‌ಗಳು ಅಡಾಪ್ಟರ್ ಹಾಕಿದರೆ ಅದೇ ಕಂಪನಿಯ ಮಿರರ್‌ಲೆಸ್ ಬಾಡಿಯಲ್ಲಿ ಆಟೋಫೋಕಸ್ ಸಮೇತ ಕೆಲಸ ಮಾಡುತ್ತವೆ. ಲೆನ್ಸಿಗೆ ಹಾಕಿದ ಹಣ ಹಾಳಾಗುವುದಿಲ್ಲ. ಹೊಸದಾಗಿ ಪೂರ್ತಿ ಬೆಲೆ ಕೊಡುವುದಾದರೆ ಮಿರರ್‌ಲೆಸ್ ಕಡೆ ಒಮ್ಮೆ ನೋಡಿ. ಡಿಎಸ್‌ಎಲ್‌ಆರ್ ಕೊಳ್ಳುವುದಾದರೆ ಸೆಕೆಂಡ್ ಹ್ಯಾಂಡ್ ಕೊಂಡು, ಉಳಿದ ಹಣವನ್ನು ಎರಡನೇ ಲೆನ್ಸಿಗೆ ಹಾಕುವುದು ಜಾಣತನ.

ಹಂತ 7: ಹಣ ಕೊಡುವ ಮೊದಲು ಪರೀಕ್ಷೆ

ಹಳೆಯ ಡಿಎಸ್‌ಎಲ್‌ಆರ್ ಆದರೆ ಅಪರ್ಚರನ್ನು ಎಫ್/22ಕ್ಕೆ ಇಟ್ಟು ಬಿಳಿ ಗೋಡೆಯ ಫೋಟೊ ತೆಗೆಯಿರಿ. ಹಿಗ್ಗಿಸಿ ನೋಡಿದರೆ ಸೆನ್ಸರ್ ಮೇಲಿನ ಧೂಳು ಮಸುಕು ಚುಕ್ಕೆಗಳಾಗಿ ಕಾಣುತ್ತದೆ. ನಾಲ್ಕಾರು ಚುಕ್ಕೆ ಇದ್ದರೆ ಶುಚಿ ಮಾಡಿಸಬಹುದು, ಅದನ್ನೇ ಹೇಳಿ ಬೆಲೆ ಇಳಿಸಿ. ಲೆನ್ಸನ್ನು ಕಳಚಿ ಟಾರ್ಚ್ ಹಿಡಿದು ಒಳಗೆ ನೋಡಿ. ಜೇಡರ ಬಲೆಯ ಹಾಗೆ ಎಳೆ ಕಂಡರೆ ಫಂಗಸ್, ಆ ಲೆನ್ಸ್ ಬೇಡ. ನಿಕಾನ್ ಆದರೆ ಫೋಟೊ ಫೈಲಿನ ಒಳಗೇ ಶಟರ್ ಎಷ್ಟು ಸಲ ಬಿದ್ದಿದೆ ಎಂಬ ಎಣಿಕೆ ಇರುತ್ತದೆ. ಒಂದು ಫೋಟೊ ತೆಗೆದು ಫೈಲ್ ಕಳಿಸಲು ಕೇಳಿ.

ಸೂಪರ್‌ಜೂಮ್ ಆದರೆ ಜೂಮನ್ನು ಈ ತುದಿಯಿಂದ ಆ ತುದಿಗೆ ಎಳೆದು ಕಿವಿಗೊಟ್ಟು ಕೇಳಿ. ಕರಕರ ಸದ್ದು, ಮಧ್ಯದಲ್ಲಿ ತಡೆದು ನಿಲ್ಲುವುದು ಇರಬಾರದು. ಹೀಗೆ ಹಿಂದೆ ಮುಂದೆ ಹೋಗುವ ಲೆನ್ಸ್ ಗಾಳಿಯ ಜೊತೆ ಧೂಳನ್ನೂ ಒಳಗೆಳೆಯುತ್ತದೆ. ಒಳಗೆ ಹೋದ ಧೂಳನ್ನು ನೀವೇ ತೆಗೆಯುವ ಹಾಗಿಲ್ಲ, ಪೂರ್ತಿ ಬಿಚ್ಚಬೇಕು. ಹಾಗಾಗಿ ಇಲ್ಲೂ ಬಿಳಿ ಗೋಡೆಯ ಪರೀಕ್ಷೆ ಮಾಡಿ, ಜೂಮ್ ಪೂರ್ತಿ ಎಳೆದು. ರಾ ಫೈಲ್ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ಬೇಕೆನ್ನುವವರು ಮಾದರಿಯನ್ನು ಸರಿಯಾಗಿ ನೋಡಿಕೊಳ್ಳಿ: ಪಿ900ನಲ್ಲಿ ರಾ ಇಲ್ಲ, ಪಿ950, ಪಿ1000ದಲ್ಲಿ ಇದೆ.

ಕೊನೆಗೆ ಮಾರುವವರು ಫಿಲ್ಟರ್ ಸೆಟ್, ಪುಟ್ಟ ಟ್ರೈಪಾಡ್, ಒರೆಸುವ ಬಟ್ಟೆ ಎಲ್ಲ ಸೇರಿಸಿ ಒಂದು ಪ್ಯಾಕ್ ಮುಂದಿಡುತ್ತಾರೆ. ಅದನ್ನು ಬಿಟ್ಟು ಒಳ್ಳೆಯ ಮೆಮೊರಿ ಕಾರ್ಡ್, ಗಾಳಿ ಊದುವ ರಬ್ಬರ್ ಬ್ಲೋವರ್, ಬ್ಯಾಗಿನಲ್ಲಿಡಲು ಸಿಲಿಕಾ ಜೆಲ್ ತೆಗೆದುಕೊಳ್ಳಿ. ಆ ಪ್ಯಾಕಿನಲ್ಲಿರುವ ಟ್ರೈಪಾಡ್ 2000 ಎಂಎಂ ಜೂಮಿನ ಮುಂದೆ ನಿಲ್ಲುವುದಿಲ್ಲ.